ಎಲೆಯ ಮೇಲಿನ ಲೋಳೆ

ನಮ್ಮ ರಸಾಯನಶಾಸ್ತ್ರದ ಸರ್ ಅವರ ಬಲಗೈ ಬೆರಳ ತುದಿಗಳು ಆಸಿಡ್ ತಗುಲಿ ತಗುಲಿ ಹಳದಿಯಾಗಿದ್ದವು. ಆ ಬೆರಳನ್ನು ಮುಖದ ಹತ್ತಿರ ತಂದೇ ಬೈಯುತ್ತಿದ್ದರು. ಗದಗಿನ ಕಾಲೇಜಿನಲ್ಲಿ ಅವರ ಕೈಕೆಳಗೆ ಎಂ.ಎಸ್ಸಿ. ಓದಿದೆ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೆರೆಗೆ ಬಿದ್ದ ಹೊಂಗೆ ಎಲೆ ಕೊಳೆಯುತ್ತ ಹೇಗೆ ಬದಲಾಗುತ್ತದೆ ಎಂದು ನೋಡುವುದು ಕೊನೆಯ ವರ್ಷದ ನನ್ನ ಕೆಲಸ. ಬೆಟಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮ ಅಬ್ಬಾ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿದುಕೊಟ್ಟರು. ಎಲೆ ತುಂಬಿ ಕುರ್ತಕೋಟಿ ಕಡೆಯ ಕೆರೆಯೊಂದರಲ್ಲಿ ಮುಳುಗಿಸಿ, ವಾರಕ್ಕೊಂದು ಚೀಲ ಎತ್ತಿ ತರುತ್ತಿದ್ದೆ. ಮೊದಲ ವಾರವೇ ಸಕ್ಕರೆ, ಒಗರು ಎಲ್ಲ ನೀರಿಗೆ ಬಿಟ್ಟು ಎಲೆ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ತೂಕ ಇಳಿದಂತೆ ಸಾರಜನಕದ ಪಾಲು ಏರಬೇಕು ಎಂದು ಸರ್ ಹೇಳಿದ್ದರು. ನನ್ನ ಎಲೆಗಳಲ್ಲಿ ಏರಲೇ ಇಲ್ಲ.

ಕೊನೆಯ ಚೀಲದ ದಿನ ಸರ್ ಲ್ಯಾಬಿಗೆ ಬಂದು ನಿಂತರು. ನಾನು ಎಂದಿನಂತೆ ನಲ್ಲಿಯ ಕೆಳಗೆ ಎಲೆಗಳ ಲೋಳೆಯನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆಯುತ್ತಿದ್ದೆ.

"ಮೆಂತ್ಯಾಪಲ್ಲೆ ತೊಳ್ಯಾಕತ್ತೀಯೇನು? ಕೆಸರು ಹೋಗೂವಂಗ ಒಮ್ಮೆ ಅದ್ದಿ ತಗಿ ಅಂದಿದ್ದೆ. ಆ ಲೋಳಿನಾಗ ಬೂಷ್ಟು, ಬ್ಯಾಕ್ಟೀರಿಯಾ ಇರ್ತಾವು. ನೀರಾಗಿನ ಸಾರಜನಕ ಎಳಕೊಂಡು ಎಲಿ ಮ್ಯಾಲ ಹಿಡಿದಿಡೂವು ಅವ. ಎಲ್ಲಾ ಗಟಾರಕ್ಕ ಬಿಟ್ಟಿ!"

ಇಡೀ ಲ್ಯಾಬು ನಕ್ಕಿತು. "ಹೊಲಸು ಅಂತ ತಿಕ್ಕಿದ್ನಿರಿ ಸರ್, ಗೊತ್ತಾಗಲಿಲ್ರಿ" ಎಂದೆ.

"ಗೊತ್ತಾಗಲಿಲ್ಲಂದ್ರ ಮನ್ಯಾಗ ಕುಂಡ್ರು." ಅಂಕಿಗಳನ್ನೆಲ್ಲ ಬರೆದಿಟ್ಟಿದ್ದ ನನ್ನ ವಹಿ ಕಸಿದುಕೊಂಡರು. "ಇದು ನನ್ನ ಕಡೆ ಇರಲಿ. ಮೊದಲಿಂದ ಮಾಡು."

ಒಂದು ವರ್ಷ ಹಾಳಾಯಿತು. ಅಬ್ಬಾ ಮತ್ತೆ ಚೀಲ ಹೊಲಿದರು. ಈ ಸಲ ಲೋಳೆ ಮುಟ್ಟಲಿಲ್ಲ. ಸಾರಜನಕ ಏರಿತು, ಪದವಿಯೂ ಬಂತು. ಆಮೇಲೊಂದು ದಿನ ಸರ್ ಬರೆದ ಲೇಖನ ಕಣ್ಣಿಗೆ ಬಿತ್ತು. ಲೋಳೆ ಇದ್ದ ಎಲೆ, ಲೋಳೆ ತೆಗೆದ ಎಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಏರಿದ ಸಾರಜನಕವೆಲ್ಲ ಲೋಳೆಯದೇ ಎಂದು ತೋರಿಸಿದ್ದರು. ಎರಡೂ ನನ್ನ ಅಂಕಿಗಳೇ, ಒಂದು ಆ ವಹಿಯದು, ಇನ್ನೊಂದು ಮರುವರ್ಷದ್ದು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕೇಳಲು ಹೋದರೆ, "ತಪ್ಪು ಮಾಡಿದಾಕಿ ಹೆಸರು ಹಾಕಬೇಕೇನು?" ಎಂದರು.

ಈಗ ನಾನು ಮುಂಡರಗಿಯಲ್ಲಿ ಕುಡಿಯುವ ನೀರು ಪರೀಕ್ಷಿಸುತ್ತೇನೆ. ಮಾದರಿಗೆ ಸುಮ್ಮನೆ ಕೈ ಹಾಕಬಾರದೆಂದು ಕಲಿಸಿದವರು ಅವರೇ. ಹೊಟ್ಟೆ ಉರಿದುಕೊಂಡೇ ಒಪ್ಪುತ್ತೇನೆ.

ಮೊನ್ನೆ ಸರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಆ ಲೇಖನವನ್ನೇ ಹೊಗಳಿದರು. ಹಳೆಯ ವಿದ್ಯಾರ್ಥಿನಿ ಎಂದು ನನ್ನನ್ನೂ ಮಾತಾಡಲು ಕರೆದರು. ಎದುರಿಗೆ ಅವರ ಹೆಂಡತಿ ಕುಳಿತಿದ್ದರು. ಬೇರೆ ಏನಾದರೂ ಹೇಳಬಹುದಿತ್ತು.

"ಸರ್ ಕಲಿಸಿದ್ದು ಮರ್ತಿಲ್ರಿ," ಎಂದೆ. "ಆದ್ರ ಆ ಲೇಖನದಾಗಿನ ಎಲಿ ತಿಕ್ಕಿ ತೊಳದಾಕಿ ನಾನ್ರಿ."