ನೂರಕ್ಕೆ ಐದು ಜನ

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಮದ್ದೂರಿನಿಂದ ಮಂಡ್ಯದ ಹೈಸ್ಕೂಲಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಪ್ಪ ಇರಲಿಲ್ಲ. ಹೆಣ್ಣುಹುಡುಗಿಗೆ ಅಷ್ಟು ದೂರದ ಓದು ಬೇಡವೆಂದು ದೊಡ್ಡಪ್ಪ ಹಟ ಹಿಡಿದಾಗ, "ಅವ್ಳು ಓಯ್ತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದವಳು ಅವನ ತಾಯಿ, ನನ್ನ ಅಜ್ಜಿ. ಆದರೆ ಅವಳ ಎರಡೂ ಕಣ್ಣಿಗೆ ಪೊರೆ ಬಂದು ಗೋಡೆ ಸವರುತ್ತ ನಡೆಯುವಂತಾದ ಮೇಲೆ ಮನೆಯಲ್ಲಿ ದೊಡ್ಡಪ್ಪನ ಮಾತೇ ನಡೆಯತೊಡಗಿತು. ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯೋಣವೆಂದು ನಾನೂ ಅವ್ವನೂ ಎಷ್ಟು ಬೇಡಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಗಣಿತದ ಮೇಷ್ಟರು ಲೆಕ್ಕಕ್ಕೆಂದು ತಾವೇ ಒಂದು ಊರು ಕಟ್ಟಿ, ಬೋರ್ಡಿನ ಮೇಲೆ ಅದರ ಜನರ ವಯಸ್ಸು ಬರೆದರು. ನೂರಕ್ಕೆ ನಲವತ್ತು ಮಕ್ಕಳು, ನಲವತ್ತು ದಾಟದ ದೊಡ್ಡವರು ಮೂವತ್ತೆಂಟು, ಅಲ್ಲಿಂದ ಅರವತ್ತರವರೆಗಿನವರು ಹದಿನೇಳು, ಅರವತ್ತು ದಾಟಿದವರು ಐದು. ಕಣ್ಣು ಮುಚ್ಚಿ ಒಬ್ಬರನ್ನು ಆರಿಸಿದರೆ ಅವರು ನಲವತ್ತು ದಾಟಿರುವ ಸಂಭವ ಎಷ್ಟು? ಹದಿನೇಳಕ್ಕೆ ಐದು ಕೂಡಿಸಿ ನೂರಕ್ಕೆ ಇಪ್ಪತ್ತೆರಡು ಎಂದೆ.

ಸಂಜೆ ಜಗಲಿಯಲ್ಲಿ ಉಳಿದ ಲೆಕ್ಕ ಮಾಡುತ್ತಿದ್ದಾಗ ದೊಡ್ಡಪ್ಪ ಬಗ್ಗಿ ನೋಡಿದ. ನಾನು ಬರೆದುಕೊಂಡು ಬಂದಿದ್ದ ಪಟ್ಟಿಯ ಕೊನೆಯ ಸಾಲು ಅವನಿಗೆ ಹಿಡಿಸಿತು.

"ನಿನ್ ಲೆಕ್ಕವೇ ಯೋಳ್ತದಲ್ಲ. ಅರವತ್ತು ದಾಟಿ ಬದ್ಕಾದು ನೂರಕ್ಕೆ ಐದೇ ಜನ. ಈ ವಯಸ್ನಲ್ಲಿ ಕಣ್ಣು ಕುಯ್ಸಿ ಏನಾಗ್ಬೇಕು? ಸುಮ್ಕಿರು ಕಣಮ್ಮ."

"ಅದು ಅಂಗಲ್ಲ. ಊರ್ನಾಗೆ ಒಬ್ರನ್ನ ಆರ್ಸಿದ್ರೆ ಅವ್ರು ಮುದುಕ್ರಾಗಿರೋ ಸಂಭವ ಅದು. ಮುದುಕ್ರು ಇನ್ನೆಷ್ಟು ದಿನ ಇರ್ತಾರೆ ಅಂತ ಇದು ಯೋಳಲ್ಲ."

"ನಂಗೇ ಪಾಠ ಯೋಳ್ತೀಯಾ?"

"ಯೋಳ್ತೀನಿ" ಎಂದೆ. ಎದ್ದು ನಿಂತೆ.

ಒಳಗಿನಿಂದ ಅಜ್ಜಿಯ ದನಿ ಬಂತು. "ಐದು ಜನ ಅಂದ್ಯಲ್ಲ, ನಾನಾಗ್ಲೇ ಅದ್ರಾಗೆ ಒಬ್ಳು ಕಣ್ಲಾ. ಬೆಳಿಗ್ಗೆ ರೈಲಿಗೆ ಒಂಟೀವ್ನಿ. ನೀ ಬತ್ತೀಯೋ, ಇಲ್ಲಿದ್ದು ದನ ನೋಡ್ಕತೀಯೋ?"

ಅವನು ದನ ನೋಡಿಕೊಂಡ. ನಾನೂ ಅವ್ವನೂ ಅವಳ ಒಂದೊಂದು ಕೈ ಹಿಡಿದು ಮೈಸೂರಿಗೆ ಕರೆದೊಯ್ದೆವು. ಅಲ್ಲಿ ಪೊರೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಿಸದಂತೆ ಮಲಗಿಸಿದ್ದರು. ಅಜ್ಜಿ ನೋವೆನ್ನಲಿಲ್ಲ, ಆಸ್ಪತ್ರೆಯ ಗಂಜಿಯನ್ನು ಮಾತ್ರ ಬಯ್ದಳು. ಎಡಗಣ್ಣು ಸೋತಿತು, ಬಲಗಣ್ಣು ಬಂತು.

ಊರಿಗೆ ಮರಳಿದಾಗ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನನ್ನು ಅವಳು ಬಹಳ ಹೊತ್ತು ನೋಡಿದಳು. "ನಿನ್ ತಲೆಯೂ ನೆರೆತೋಗ್ಯದಲ್ಲೋ" ಎಂದಳು. ಅವನು ತಲೆ ತಗ್ಗಿಸಿ ಅವಳ ಗಂಟು ಇಸಿದುಕೊಂಡ. ನನ್ನ ಓದಿನ ಮಾತನ್ನು ಮತ್ತೆ ಎತ್ತಲಿಲ್ಲ. ಡಾಕ್ಟರು ಹೇಳಿದ ಪಥ್ಯ ಮುಗಿದ ಮರುದಿನವೇ ಅಜ್ಜಿ ಬಟ್ಟೆ ಹೊತ್ತು ಒಬ್ಬಳೇ ಶಿಂಷಾ ಹೊಳೆಗೆ ಹೋದಳು.