ಮಾವನವರ ಅಸಲಿ ಕಂಪ್ಯೂಟರ್

ಇವತ್ತು ಬೆಳಿಗ್ಗೆ ಚಹಾದ ಕಪ್ಪನ್ನು ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದರೆ, ಪರದೆಯ ಬಲಮೂಲೆಯಲ್ಲಿ ಎರಡು ಸಾಲು ಮಸುಕಾದ ಇಂಗ್ಲಿಷ್ ಅಕ್ಷರಗಳು ಕೂತಿದ್ದವು. ನೀವು ಬಳಸುತ್ತಿರುವ ಸಾಫ್ಟ್‌ವೇರ್ ನಕಲಿಯಾಗಿರಬಹುದು, ಲೈಸೆನ್ಸ್ ಪರೀಕ್ಷಿಸಿಕೊಳ್ಳಿ ಎಂದು ಅವುಗಳ ಅಭಿಪ್ರಾಯ. ನಕಲಿ ಎಂದು ನೆಟ್ಟಗೆ ಹೇಳುವ ಎದೆಗಾರಿಕೆಯೂ ಇಲ್ಲ ನೋಡಿ, ಆಗಿರಬಹುದು ಅಂತೆ. ಓಣಿಯಲ್ಲಿ ಚಾಡಿ ಹೇಳುವವರು ಮಾತಾಡುವುದೂ ಹೀಗೆಯೇ. ಈ ಲ್ಯಾಪ್‌ಟಾಪನ್ನು ನಾನೇ ಅಂಗಡಿಗೆ ಹೋಗಿ ಲೈಸೆನ್ಸ್ ಸಮೇತ ತಂದದ್ದು. ಹೋದ ವಾರ ಇದರ ಹೊಟ್ಟೆಯೊಳಗಿನ ಬೋರ್ಡು ಕೆಟ್ಟಿತೆಂದು ಬೇರೆಯದನ್ನು ಹಾಕಿಸಿಕೊಂಡು ಬಂದೆ. ಅಷ್ಟಕ್ಕೇ ಅದಕ್ಕೆ ನನ್ನ ಮೇಲೆ ಅನುಮಾನ.

"ಹೊಸಾದ ತಗೊಂಡಬಿಡು, ಮುಗದ ಹೋಗ್ತದ," ಎಂದರು ನನ್ನ ಗಂಡ, ಮೊಬೈಲಿನಿಂದ ತಲೆ ಎತ್ತದೆ. ಸುಮಾರು ಹದಿನೈದು ವರ್ಷದ ಹಿಂದೆಯೂ ಇವರು ಇದೇ ಮಾತು ಹೇಳಿದ್ದರು. ಆಗ ಕೈಯಲ್ಲಿ ಮೊಬೈಲಿನ ಬದಲು ಪೇಪರ್ ಇತ್ತು, ಅಷ್ಟೇ ವ್ಯತ್ಯಾಸ. ಅಂದು ಅದಕ್ಕೆ ಉತ್ತರ ಕೊಟ್ಟವರು ನನ್ನ ಅತ್ತೆ. ಆ ಉತ್ತರವನ್ನು ನಿಮಗೆ ಹೇಳಬೇಕು. ಆದರೆ ಮಾವನವರು ಎಂಥವರೆಂದು ಮೊದಲು ಹೇಳದಿದ್ದರೆ ಅದು ನಿಮಗೆ ಬರೀ ಜಗಳದಂತೆ ಕೇಳಿಸೀತು.

ಮಾವನವರು ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ಆಗ ನಮ್ಮ ಮನೆ ಪುಣೆಯ ಒಂದು ತುದಿಗೆ, ಕಾತ್ರಜದಲ್ಲಿ. ಕಾರ್ಖಾನೆ ಇನ್ನೊಂದು ತುದಿಗೆ. ವರ್ಷಗಟ್ಟಲೆ ಕಂಪನಿ ಬಸ್ಸಿನಲ್ಲಿ ಹೋಗಿ ಬಂದು, ಅಳತೆಗೆ ಕೂಡದ ಬೋಲ್ಟುಗಳಿಗೆ ಕೆಂಪು ಚೀಟಿ ಹಚ್ಚಿದರು. ಆ ಚಟ ಮನೆಗೂ ಬಂತು. ಮಾರ್ಕೆಟ್ಟಿನಿಂದ ತಂದ ಬದನೆಕಾಯಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ "ರಿಜೆಕ್ಟ್" ಎನ್ನುವರು. ಬಿಸ್ಕತ್ತಿನ ಪುಡಿಕೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಕೊನೆಯವರೆಗೆ ಓದಿದ ಮೇಲೆಯೇ ಅದನ್ನು ಒಡೆಯುವರು. ಹೊಸ ಸೊಸೆಯಾಗಿ ಬಂದಾಗ ನನ್ನ ಚಪಾತಿಯನ್ನೂ ಹಾಗೆಯೇ ಎತ್ತಿ ನೋಡಿದ್ದರು. ಅದು ಪಾಸಾಯಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ, ತಿಂದರಂತೂ ಹೌದು.

ರಿಟೈರ್ ಆದ ಮೇಲೆ ಅವರಿಗೆ ಕಂಪ್ಯೂಟರ್ ಬೇಕೆನಿಸಿತು, ತಕರಾರು ಅರ್ಜಿಗಳನ್ನು ಟೈಪ್ ಮಾಡಲು. ಉರಿಯದ ಬೀದಿದೀಪ, ಮುಚ್ಚದ ಗಟಾರ, ಸ್ಟಾಪಿನಲ್ಲಿ ನಿಲ್ಲದೆ ಹೋಗುವ ಬಸ್ಸು, ಒಂದನ್ನೂ ಬಿಡುತ್ತಿರಲಿಲ್ಲ. ಅಂಗಡಿಯವನು ಯಂತ್ರ ತಗೊಳ್ಳಿ, ಸಾಫ್ಟ್‌ವೇರ್ ಹಾಗೇ ಹಾಕಿ ಕೊಡುತ್ತೇನೆ ಎಂದನಂತೆ. ಎಲ್ಲರೂ ಹಾಗೇ ಮಾಡುತ್ತಿದ್ದ ಕಾಲ ಅದು. ನಮ್ಮ ಓಣಿಯಲ್ಲಿ ಒಂದೇ ಸಿ.ಡಿ. ಮನೆಯಿಂದ ಮನೆಗೆ ಮೊಸರಿನ ಹೆಪ್ಪಿನಂತೆ ಓಡಾಡುತ್ತಿತ್ತು. ಮಾವನವರು ಒಪ್ಪಲಿಲ್ಲ. ಅಸಲಿಯೇ ಬೇಕೆಂದು ಪಟ್ಟು ಹಿಡಿದರು. ಈ ಪುಣೆಯಲ್ಲಿ ಇದನ್ನು ದುಡ್ಡು ಕೊಟ್ಟು ಕೇಳುವವರು ಬ್ಯಾಂಕಿನವರು ಬಿಟ್ಟರೆ ನೀವೇ ಕಾಕಾ, ಎಂದು ಅಂಗಡಿಯವನು ನಕ್ಕನಂತೆ. ಅದನ್ನು ಹೊಗಳಿಕೆಯೆಂದೇ ತಿಳಿದು ಮಾವನವರು ಮನೆಗೆ ಬಂದು ನಮಗೆಲ್ಲ ಎರಡೆರಡು ಸಲ ಹೇಳಿದರು.

ಕಂಪ್ಯೂಟರಿನ ಡಬ್ಬಿಯ ಬದಿಗೆ ಮಿರಮಿರ ಮಿಂಚುವ ಒಂದು ಸ್ಟಿಕರ್ ಇತ್ತು. ಅದರ ಮೇಲೆ ಇಂಗ್ಲಿಷಿನ ಇಪ್ಪತ್ತೈದು ಅಕ್ಷರ, ಅಂಕಿ. ಮಾವನವರು ಅತ್ತೆಯನ್ನು ಕರೆದು, "ಇದ ನೋಡು, ಇದು ಅಸಲಿ ಅನ್ನೂದಕ್ಕ ಇದ ಸಾಕ್ಷಿ," ಎಂದು ಬೆರಳಿಟ್ಟು ತೋರಿಸಿದ್ದರು. ಅತ್ತೆ ಅದನ್ನು ತಮ್ಮ ರೀತಿಯಲ್ಲಿ ಮನಸ್ಸಿಗೆ ತಗೊಂಡರು. ಆ ವರ್ಷದಿಂದ ಖಂಡೇನವಮಿಯ ಆಯುಧಪೂಜೆಗೆ ಮಿಕ್ಸರ್, ಕುಕ್ಕರ್, ಹೊಲಿಗೆ ಮಷಿನ್‌ಗಳ ಸಾಲಿನಲ್ಲಿ ಕಂಪ್ಯೂಟರೂ ಬಂತು. ಉಳಿದವಕ್ಕೆ ಎಲ್ಲೆಂದರಲ್ಲಿ ಕುಂಕುಮ ಹಚ್ಚುತ್ತಿದ್ದ ಅತ್ತೆ, ಇದಕ್ಕೆ ಮಾತ್ರ ಸ್ಟಿಕರನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸರಿಯಾಗಿ ಅದರ ನಡುವೆ ಹಚ್ಚುವರು. ನಾವು ಯಾರೂ ಬೇಡ ಎನ್ನಲಿಲ್ಲ. ಎಲ್ಲವನ್ನೂ ತಪಾಸಣೆ ಮಾಡುವ ಮಾವನವರೂ ಅನ್ನಲಿಲ್ಲ, ಮುಗುಳ್ನಗುತ್ತ ಕೈ ಮುಗಿದರು.

ಅವರು ತೀರಿಕೊಂಡ ಮೇಲೆ ಆ ಕಂಪ್ಯೂಟರಿನಲ್ಲಿ ನಾನು ಕೆಲಸ ಮಾಡತೊಡಗಿದೆ. ಔಷಧದ ಜೊತೆ ಬರುವ ಚೀಟಿಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ. ಮಧ್ಯಾಹ್ನ ಮಾತ್ರ ಅದು ಅತ್ತೆಯ ಪಾಲು. ಮಾವನವರ ಅರ್ಜಿಗಳೆಲ್ಲ 'ತಕರಾರು' ಎಂಬ ಹೆಸರಿನ ಫೋಲ್ಡರಿನಲ್ಲಿದ್ದವು. ದಿನಕ್ಕೊಂದನ್ನು ನಾನು ಓದಬೇಕು, ಅವರು ಕೇಳಬೇಕು. ಗಟಾರದ ಮೇಲಿನ ಅರ್ಜಿಯನ್ನು ಕೇಳಿ ಕಣ್ಣೊರೆಸಿಕೊಳ್ಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ರಿಪೇರಿಯವರು ಬೇರೆ ಬೋರ್ಡ್ ಹಾಕಿ ಕೊಟ್ಟುಹೋದರು. ಎರಡನೆಯ ದಿನ ಮಧ್ಯಾಹ್ನ ತಕರಾರು ಓದಲು ಕೂತರೆ, ಪರದೆ ಪೂರ್ತಿ ಕಪ್ಪು. ಮೂಲೆಯಲ್ಲಿ ಎಚ್ಚರಿಕೆ.

"ಏನಂತದ ಅದು?" ಎಂದರು ಅತ್ತೆ.

"ನಕಲಿ ಅಂತದ್ರಿ."

"ಯಾರಿಗೆ?"

"ಯಾರಿಗೂ ಅಲ್ರಿ ಅತ್ತೀ, ಮಷಿನ್ ಅದು. ಕಂಪ್ಯೂಟರಿನ ಸಾಫ್ಟ್‌ವೇರ್‌ಗೆ ಅಂತದ."

"ಅದನ್ನ ತಂದವರು ಯಾರು? ಅವರಿಗೇ ಅಂದಂಗಾತಲ್ಲ," ಎಂದರು. "ಹೋಗಿ ಇನ್ನೂ ವರ್ಷ ತುಂಬಿಲ್ಲ. ಕಳ್ಳ ಅಂತಾರೇನು ಅವರಿಗೆ?"

ಆಗಲೇ ನನ್ನ ಗಂಡ ಪೇಪರಿನ ಹಿಂದಿನಿಂದ ಹೊಸಾದ ತಗೊಂಡಬಿಡ್ರಿ ಎಂದದ್ದು. ಅತ್ತೆ ಮಗನ ಕಡೆ ತಿರುಗಿದರು. "ಹೊಸಾದ ಯಾಕ ತಗೋಬೇಕು? ತಗೊಂಡ್ರ ಮೊದಲಿಂದು ಸುಳ್ಳ ಅಂತ ನಾವ ಬರದಕೊಟ್ಟಂಗ. ಕಳ್ಳ ಅಂದವರು ಬಂದು ತೋರಸ್ಲಿ. ಅಲ್ಲೀತನಕಾ ಒಂದು ಪೈಸಾ ಬಿಚ್ಚೂದಿಲ್ಲ." ಪೇಪರ್ ಇನ್ನಷ್ಟು ಮೇಲಕ್ಕೇರಿತು.

ರಿಪೇರಿಯವರನ್ನು ಮತ್ತೆ ಕರೆಸಿದೆವು. ನಲವತ್ತು ದಾಟಿದ ಮರಾಠಿ ಮನುಷ್ಯ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವವರು. ಸ್ಟಿಕರ್ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಇಪ್ಪತ್ತೈದು ಅಕ್ಷರಗಳಲ್ಲಿ ನೆಟ್ಟಗೆ ಉಳಿದದ್ದು ಐದೋ ಆರೋ. ಉಳಿದುದೆಲ್ಲ ಎಣ್ಣೆ ಹೀರಿ ಕಂದಿದ ಕೆಂಪು. "ಆಜಿ, ಹೇ ಕಾಯ್ ಕೇಲಂ?" ಇದೇನು ಮಾಡಿಟ್ಟಿದ್ದೀರಿ ಅಜ್ಜಿ, ಎಂದು ಅವರು ನಕ್ಕರು. ಅತ್ತೆ ನಗಲಿಲ್ಲ. ಸೆರಗಿನ ತುದಿಯಿಂದ ಆ ಕೆಂಪನ್ನು ಮೆಲ್ಲಗೆ ಒರೆಸಿದರು. ಇನ್ನೆರಡು ಅಕ್ಷರ ಸೆರಗಿಗೆ ಬಂದವು. ಮಾವನವರು ತೋರಿಸಿಕೊಟ್ಟಿದ್ದ ಸಾಕ್ಷಿಯನ್ನು ತಾವೇ ವರ್ಷ ವರ್ಷವೂ ಒರೆಸಿ ಹಾಕಿದ್ದೇವೆಂದು ಆಗ ಅವರಿಗೆ ತಿಳಿಯಿತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಬಿಲ್ಲು ಹುಡುಕಿದೆವು. ಸಿಕ್ಕಿತು. ಅದರಲ್ಲಿದ್ದದ್ದು 'ಕಂಪ್ಯೂಟರ್ ಸೆಟ್, ಒಂದು' ಎಂದಷ್ಟೇ. ರಿಪೇರಿಯವರು ತಲೆಯಾಡಿಸಿ, ಅಂಗಡಿಯವನು ನಿಮ್ಮ ಮಾವನವರಿಗೆ ಟೋಪಿ ಹಾಕಿರಬೇಕು ವಹಿನಿ, ಎಂದರು. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದರು: ಎಲ್ಲ ಅಳಿಸಿ ತಮ್ಮ ಬಳಿಯ ಸಿ.ಡಿ.ಯಿಂದ ಹೊಸದಾಗಿ ಹಾಕಿಕೊಡುತ್ತಾರೆ, ಆ ಸಿ.ಡಿ.ಗೆ ಈ ಎಚ್ಚರಿಕೆ ಜನ್ಮದಲ್ಲಿ ಬರುವುದಿಲ್ಲ. ಅಂದರೆ ಅಸಲಿ ತಂದವರಿಗೆ ಕಳ್ಳರ ಪಟ್ಟ, ಕದ್ದು ಹಾಕಿಸಿಕೊಂಡವರಿಗೆ ನೆಮ್ಮದಿ! ನನಗೆ ಮೈ ಉರಿಯಿತು. ಆದರೂ ನಿಜ ಹೇಳುತ್ತೇನೆ, ನನ್ನ ಕೆಲಸ ಸೋಮವಾರ ಹೋಗಬೇಕಿತ್ತು; ಹೂಂ ಎನ್ನಲು ಬಾಯಿ ತೆರೆದಿದ್ದೆ. ಅತ್ತೆಯೇ ತಡೆದರು. "ಬ್ಯಾಡ. ಚಹಾ ಕುಡದು ಹೋಗ್ರಿ ನೀವು," ಎಂದು ಕನ್ನಡದಲ್ಲಿಯೇ ಹೇಳಿದರು. ಆ ಮರಾಠಿ ಮನುಷ್ಯರಿಗೂ ಅರ್ಥವಾಯಿತು.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಟೋಪಿ ಎಂಬ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಟೋಪಿಯೇನು, ಅದಕ್ಕಿಂತ ಕೆಟ್ಟದ್ದೂ ಹೊಳೆದಿತ್ತು. ಅಸಲಿಯ ಬೆಲೆ ಕೇಳಿ ಮಾವನವರೇ ಹಿಂದೆಗೆದು, ನಮ್ಮ ಮುಂದೆ ಮಾತ್ರ ಅಸಲಿಯ ಕಥೆ ಹೇಳಿದ್ದರೆ? ಬದನೆಕಾಯಿಗೆ ಒಂದು ನ್ಯಾಯ, ತಮಗೆ ಇನ್ನೊಂದು ಆಗಿದ್ದರೆ? ಅತ್ತೆ ಎದುರಿಗೆ ಕೂತು ಅವಲಕ್ಕಿ ಆರಿಸುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಮರುದಿನ ಭಾನುವಾರ. ತಿಂಡಿ ಮುಗಿಸಿ, ಬೇರೇನೂ ತೋಚದೆ, ಎಚ್ಚರಿಕೆಯ ಆ ಕಿಟಕಿಯನ್ನು ಮಾವನವರು ಬಿಸ್ಕತ್ತಿನ ಪುಡಿಕೆ ಓದುವ ಹಾಗೆ ಮೊದಲಿನಿಂದ ಓದುತ್ತ ಹೋದೆ. ಕಟ್ಟಕಡೆಗೆ, ಯಾರ ಕಣ್ಣಿಗೂ ಬೀಳಬಾರದು ಎಂಬಷ್ಟು ಸಣ್ಣದಾಗಿ ಒಂದು ಸಾಲಿತ್ತು: ಫೋನ್ ಮಾಡಿಯೂ ದೃಢಪಡಿಸಬಹುದು. ಒತ್ತಿದೆ. ಫೋನ್ ನಂಬರ್ ಬಂತು, ಅದರ ಕೆಳಗೆ ಆರಾರರ ಗುಂಪಿನಲ್ಲಿ ಒಂಬತ್ತು ಗುಂಪು ಅಂಕಿ. ಸ್ಟಿಕರಿನ ಮಾತೇ ಇಲ್ಲ.

ಫೋನ್ ಹಚ್ಚಿದೆ. ರೆಕಾರ್ಡ್ ಮಾಡಿಟ್ಟ ಹೆಣ್ಣು ದನಿ ಇಂಗ್ಲಿಷಿನಲ್ಲಿ ಅಂಕಿಗಳನ್ನು ಒತ್ತಲು ಹೇಳಿತು. ಒತ್ತಿದೆ. ಈ ಸಂಖ್ಯೆ ಸರಿಯಿಲ್ಲ ಎಂದಿತು. ಏನಂತು ಎಂದು ಅತ್ತೆ ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡರು. ಕುರ್ಚಿ ಎಳೆದು ಪರದೆಯ ಮುಂದೆ ಕೂತು, "ಅವಸರ ಮಾಡಿ ಏನರೆ ತಪ್ಪ ಒತ್ತೀದಿ. ನಾ ಹೇಳ್ತೇನಿ, ನೀ ಒತ್ತು," ಎಂದರು. ಇಂಗ್ಲಿಷ್ ಅಕ್ಷರ ಬರದಿದ್ದರೂ ಅಂಕಿ ಅವರಿಗೆ ಬಸ್ಸುಗಳ ನಂಬರಿನಿಂದ ಬರುತ್ತಿತ್ತು. ಐದು, ಮೂರು, ಸೊನ್ನಿ, ಏಳು. ಒಂದೊಂದು ಅಂಕಿಗೂ ಪರದೆಗೆ ಬೆರಳು ಮುಟ್ಟಿಸಿ, ಐವತ್ತನಾಲ್ಕನ್ನೂ ಹೇಳಿ ಮುಗಿಸಿದರು.

ಆ ಕಡೆಯಿಂದ ಒಂದೇ ಒಂದು ಪ್ರಶ್ನೆ ಬಂತು. ಈ ಪ್ರತಿಯನ್ನು ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ?

ನಾನು ಅತ್ತೆಗೆ ಹೇಳಿದೆ. ಅವರು ರಿಸೀವರನ್ನು ನನ್ನ ಕೈಯಿಂದ ಕಸಿದುಕೊಂಡರು. "ಒಂದ! ಒಂದ ಅದ ನಮ್ಮ ಮನ್ಯಾಗ! ಅವರು ತಂದದ್ದೂ ಒಂದ, ಹಾಕಿಸಿದ್ದೂ ಒಂದ!" ಎಂದು ಕೂಗಿದ್ದು ಹೆದ್ದಾರಿಯ ಬಸ್ಸಿನವರಿಗೂ ಕೇಳಿಸಿರಬೇಕು. ನಾನು ಕೈ ಚಾಚಿ ಮೆಲ್ಲಗೆ ಒಂದನ್ನು ಒತ್ತಿದೆ.

ಆ ದನಿ ಸ್ಟಿಕರ್ ಕೇಳಲಿಲ್ಲ, ಬಿಲ್ ಕೇಳಲಿಲ್ಲ. ತಿರುಗಿ ಅಂಕಿ ಹೇಳತೊಡಗಿತು, ಅತ್ತೆ ಹಿಡಿದಿದ್ದ ರಿಸೀವರಿಗೆ ನಾನೂ ಕಿವಿ ತಾಗಿಸಿ ಕೇಳಿ ತುಂಬಿದೆ. ಪರದೆಯ ಕಪ್ಪು ಹೋಯಿತು. ನಿಮ್ಮ ಪ್ರತಿ ಅಸಲಿ ಎಂದು ಬಂತು. ಬೋರ್ಡ್ ಬದಲಾದದ್ದಕ್ಕೆ ಆ ಸಾಫ್ಟ್‌ವೇರ್ ಇದನ್ನು ಬೇರೆ ಯಾರದೋ ಮನೆಯ ಕಂಪ್ಯೂಟರೆಂದು ತಿಳಿದುಕೊಂಡಿತ್ತು, ಇದ್ದದ್ದು ಇಷ್ಟೇ. ನಾನು ಓದಿ ಹೇಳಿದರೆ ಅತ್ತೆ ಇನ್ನೂ ರಿಸೀವರನ್ನು ಕಿವಿಗೆ ಹಿಡಿದೇ ಕೂತಿದ್ದರು.

"ಥ್ಯಾಂಕ್ಯೂ ಅಂತಾಳ. ಥ್ಯಾಂಕ್ಯೂ ಯಾಕ? ತಪ್ಪಾತು ಅನ್ನು ಅಂತ ಹೇಳು ಆಕಿಗೆ."

"ಅತ್ತೀ, ಅದು ಟೇಪ್ ರೀ. ಇಡ್ರಿ," ಎಂದು ನಾನು ನಾಚಿಕೊಂಡು ಫೋನ್ ಕಸಿದು ಇಟ್ಟುಬಿಟ್ಟೆ. ಇಡಬಾರದಿತ್ತು.

ಈಗ ನಾವಿರುವುದು ಪುಣೆಯದೇ ವಾಕಡದಲ್ಲಿ, ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ. ಅತ್ತೆಗೆ ಎಂಬತ್ತೆರಡು. ಇವತ್ತು ಲ್ಯಾಪ್‌ಟಾಪನ್ನು ಎತ್ತಿಕೊಂಡು ಅವರ ಕೋಣೆಗೆ ಹೋದೆ. ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

"ಮತ್ತ ಹಂಗ ಬಂದದ ನೋಡ್ರಿ, ನಕಲಿ ಅಂತ."

"ಯಾರಿಗೆ ಅಂತದ?"

"ಈ ಸರ್ತಿ ನನಗ."

ನಕ್ಕರು. ಆ ನಗುವೇ ಧೈರ್ಯ ಕೊಟ್ಟಿತೋ ಏನೋ, ಹದಿನೈದು ವರ್ಷ ಬಾಯೊಳಗಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅತ್ತೀ, ಅವತ್ತ ಮಾವನವರ ಮ್ಯಾಲ ನನಗ ಅನುಮಾನ ಬಂದಿತ್ತ್ರಿ. ನಿಮಗ ಹೇಳಿರ್ಲಿಲ್ಲ."

ಅವರ ಬೆರಳು ನಿಲ್ಲಲಿಲ್ಲ. ಒಂದು ಬತ್ತಿ ಮುಗಿಸಿ ಪಕ್ಕಕ್ಕಿಟ್ಟರು.

"ನನಗೂ ಬಂದಿತ್ತು," ಎಂದರು. "ಬರದಿದ್ರ ಅಷ್ಟ ಯಾಕ ಒದರ್ತಿದ್ದೆ? ಸುಮ್ನ ಕೂತಿರ್ತಿದ್ದೆ."

ನಾನು ಅವರ ಮಂಚದ ಮೇಲೆ ಕೂತೆ. "ಹಚ್ಚು ಫೋನ್," ಎಂದು ಅವರೇ ಎಬ್ಬಿಸಿದರು.

ಫೋನಿನ ದಾರಿ ಈಗಲೂ ಇದೆ, ಮೊದಲಿಗಿಂತ ಸಣ್ಣ ಅಕ್ಷರದಲ್ಲಿ. ಅತ್ತೆಗೆ ಕಣ್ಣು ಮಂಜು. ಈ ಸಲ ಅಂಕಿಗಳನ್ನು ಓದಿದವಳೂ ನಾನೇ, ಒತ್ತಿದವಳೂ ನಾನೇ. ಎಷ್ಟು ಕಂಪ್ಯೂಟರ್ ಎಂಬ ಪ್ರಶ್ನೆ ಬಂದಾಗ, ಟೇಪಿಗೆ ಕಿವಿಯಿಲ್ಲವೆಂದು ಗೊತ್ತಿದ್ದೂ, "ಒಂದ!" ಎಂದು ಗಟ್ಟಿಯಾಗಿ ಹೇಳಿಯೇ ಒಂದನ್ನು ಒತ್ತಿದೆ. ಹೊರಗಿನ ಕೋಣೆಯಲ್ಲಿ ನನ್ನ ಗಂಡ ಕೊನೆಗೂ ಮೊಬೈಲಿನಿಂದ ತಲೆ ಎತ್ತಿದರು. ಮೂಲೆಯ ಸಾಲುಗಳು ಮಾಯವಾದವು. ಆ ಕಡೆಯ ದನಿ ಥ್ಯಾಂಕ್ಯೂ ಎಂದು ಸುಮ್ಮನಾಯಿತು.

ನಾನು ಫೋನ್ ಇಡಲಿಲ್ಲ. ತಪ್ಪಾಯಿತು ಎನ್ನಲಿ ಎಂದು ಅತ್ತೆ, ನಾನು ಇಬ್ಬರೂ ಕಾಯುತ್ತ ಕೂತೆವು.