ಶಿವನಂಜಪ್ಪ ಎಂಬ ಸಾರ್ವಜನಿಕರು

ಗಡಿಯಾಚೆ, ಮಲಯಾಳಂ ಸೀಮೆಯ ಸುಲ್ತಾನ್ ಬತ್ತೇರಿಯಲ್ಲಿ ಮೈಸೂರು ಬಸ್ಸುಗಳು ಹಾದುಹೋಗುವ ರಸ್ತೆಯಲ್ಲಿ ಶಿವನಂಜಪ್ಪನ ಪಂಕ್ಚರ್ ಅಂಗಡಿ. ಮೂವತ್ತು ವರ್ಷ ಗಾಳಿ ತುಂಬಿಸಿ ತುಂಬಿಸಿ, ಕಂಡದ್ದನ್ನೆಲ್ಲ ಹೆಬ್ಬೆರಳಲ್ಲಿ ಒತ್ತಿ ನೋಡುವ ಚಾಳಿ ಅವನಿಗೆ ಅಂಟಿತ್ತು. ದಿಂಬು, ಹಲಸಿನ ಹಣ್ಣು, ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವರ ಭುಜ.

ಅವನ ಮಗಳು ಸುಕನ್ಯಾ ಘಾಟಿ ಇಳಿದು ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಸಂಶೋಧನೆ ಮಾಡಿದಳು. ವಿಷಯ, ಅನಿಲಗಳ ಗಾತ್ರ ಸ್ನಿಗ್ಧತೆ. ಅನಿಲವನ್ನು ಎಲ್ಲ ಕಡೆಯಿಂದ ಒಮ್ಮೆಗೇ ಅಮುಕಿದರೆ ಅದು ತೋರಿಸುವ ಒಂದು ಬಗೆಯ ಮೊಂಡುತನ. ಶಿವನಂಜಪ್ಪ ಅದಕ್ಕೆ ‘ಗಾಳಿ ಜಿಡ್ಡು’ ಎಂದು ಹೆಸರಿಟ್ಟ. ಆರ್ಗಾನಿನಂಥ ಸರಳ ಅನಿಲದಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ ಎಂದು ಮಗಳು ಹೇಳಿದ ದಿನ ಅವನಿಗೆ ಊಟ ಸೇರಲಿಲ್ಲ.

“ಆರು ವರ್ಷ ಓದಿ, ಇಲ್ಲ ಅಂತ ಕಂಡುಹಿಡಿದ್ಯೇನವ್ವ?”

“ಉಣ್ಣಪ್ಪ ನೀನು, ಆಮೇಲೆ ಹೇಳ್ತೀನಿ,” ಅಂದಳು ಸುಕನ್ಯಾ. ಆಮೇಲೆ ಹೇಳಲೂ ಇಲ್ಲ.

ಪದವಿಗೆ ಮುನ್ನ ಬಹಿರಂಗ ಮೌಖಿಕ ಪರೀಕ್ಷೆ ಇತ್ತು. ನೋಟೀಸಿನಲ್ಲಿ ‘ಸಾರ್ವಜನಿಕರಿಗೆ ಸ್ವಾಗತ’ ಎಂದಿತ್ತು.

“ಸಾರ್ವಜನಿಕರು ಅಂದ್ರೆ ಯಾರು?” ಎಂದ ಶಿವನಂಜಪ್ಪ.

“ಯಾರು ಬೇಕಾದ್ರೂ. ಆದ್ರೆ ಯಾರೂ ಬರಲ್ಲ.”

ಅವನು ಬಂದ. ಹೆಂಡತಿ ನಿಂಗಮ್ಮನನ್ನೂ ಕರೆದುಕೊಂಡು, ಇಸ್ತ್ರಿ ಹಾಕಿದ ಪಂಚೆ ಉಟ್ಟು, ಮೊದಲ ಸಾಲಿನಲ್ಲೇ ಕೂತ. ಕುರ್ಚಿಯ ಮೆತ್ತೆ ಒತ್ತಿ ನೋಡಿ, “ಗಾಳಿ ಕಮ್ಮಿ,” ಎಂದು ನಿಂಗಮ್ಮನಿಗೆ ಪಿಸುಗುಟ್ಟಿದ.

ಪರೀಕ್ಷಕರು ಮೈಸೂರಿನಿಂದ ಬಂದಿದ್ದ ಹಿರಿಯರು. ಸುಕನ್ಯಾ ಚೆನ್ನಾಗಿಯೇ ಮಾತಾಡಿದಳು. ಕೊನೆಗೆ ಅವರು ಕನ್ನಡಕ ತೆಗೆದು, ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದರು: “ಇದು ಸೊನ್ನೆ ಅಂತ ಪುಸ್ತಕದಲ್ಲೇ ಇದೆಯಲ್ಲಮ್ಮ. ಮತ್ತೆ ಏನನ್ನು ಅಳೆದೆ?”

ಸುಕನ್ಯಾ ಪರದೆಯ ಮೇಲಿನ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದಳು. ಉತ್ತರ ಗೊತ್ತಿತ್ತು, ನಾಲಿಗೆಗೆ ಬರಲೊಲ್ಲದು. ಆ ಇಂಗ್ಲಿಷಿನಲ್ಲಿ ‘ಝೀರೋ’ ಅನ್ನುವ ಪದವೊಂದೇ ಶಿವನಂಜಪ್ಪನಿಗೆ ಅರ್ಥವಾಯಿತು. ಎದ್ದು ನಿಂತೇಬಿಟ್ಟ.

“ಸಾರ್, ಟ್ಯೂಬಲ್ಲಿ ತೂತಿದ್ರೆ ಎರಡು ನಿಮಿಷದ ಕೆಲಸ. ತೂತಿಲ್ಲ ಅನ್ನಬೇಕಾದ್ರೆ ಪೂರಾ ಟ್ಯೂಬ್ ನೀರಲ್ಲಿ ತಿರುಗಿಸಬೇಕು. ಅದಕ್ಕೇ ಆರು ವರ್ಷ!”

ಸುಕನ್ಯಾಳ ಮಾರ್ಗದರ್ಶಕ ಭಾಸ್ಕರನ್ ಸಾರ್ ತಲೆ ಮೇಲೆ ಕೈ ಇಟ್ಟುಕೊಂಡರು. ಮಗಳಿಗೆ ರೇಗಿತು. ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

“ಅದು ಟ್ಯೂಬ್ ತರ ಅಲ್ಲ ಕಣಪ್ಪ!”

“ಮತ್ತಿನ್ಯಾವ ತರ?”

“ನಿನ್ನ ಅಂಗಡಿ ಗಾಳಿಯಲ್ಲಿ ಕಣಗಳು ಜೋಡಿ ಜೋಡಿ. ಅಮುಕಿದ್ರೆ ಶಕ್ತಿ ಮೊದ್ಲು ಓಟಕ್ಕೆ ಹೋಗ್ತದೆ, ಆಮೇಲೆ ಗಿರಗಿರ ತಿರುಗಕ್ಕೆ ಪಾಲು ಹೋಗ್ತದೆ. ಆ ಪಾಲು ತಡವಾಗೋದೇ ನಿನ್ನ ಜಿಡ್ಡು. ಆರ್ಗಾನ್ ಒಂಟಿ ಗುಂಡು. ಅದಕ್ಕೆ ಪಾಲು ಮಾಡೋ ಪಂಚಾಯ್ತಿನೇ ಇಲ್ಲ.”

“ಹಂಗಾದ್ರೆ ಸೊನ್ನೆನೇ ಆಯ್ತಲ್ಲ! ಸಾರ್ ಹೇಳಿದ್ದು ಸರಿ!” ಶಿವನಂಜಪ್ಪ ಪಕ್ಷ ಬದಲಿಸಿದ.

“ತೆಳ್ಳಗಿದ್ದಾಗ ಸೊನ್ನೆ! ಸಂಜೆ ಬಸ್ಸಿನ ತರ ತುಂಬಿದ್ರೆ ಒಂಟಿ ಗುಂಡುಗಳೂ ಒತ್ತಾಡ್ತವೆ, ಆಗ ಸೊನ್ನೆ ಅಲ್ಲ. ಎಷ್ಟು ತುಂಬಿದ್ರೆ ಸೊನ್ನೆ ದಾಟ್ತದೆ, ಅದನ್ನ ಅಳೆದಿದ್ದು ನಾನು!” ಎಂದು ಪರದೆಯ ಗೆರೆಯ ಮೇಲೆ ಕೋಲು ಬಡಿದಳು. “ಇಲ್ಲಿ! ಕಾಣ್ತದಾ?”

“ಕಾಣ್ತದೆ. ಅದಕ್ಕ್ಯಾಕೆ ಕೂಗಾಡ್ತೀಯೆ?” ಎಂದು ಅವನು ಕೂತ.

ಕನ್ನಡ ಬಾರದ ಭಾಸ್ಕರನ್ ಸಾರ್ ಗಾಬರಿಯಿಂದ ಪರೀಕ್ಷಕರತ್ತ ತಿರುಗಿದರು. ಪರೀಕ್ಷಕರು ಕಣ್ಣೊರೆಸಿಕೊಂಡು ನಗುತ್ತಿದ್ದರು. “ಉತ್ತರ ಸಿಕ್ಕಿತು,” ಎಂದು ಸಹಿ ಹಾಕಿದರು.

ಮಗಳು ಡಾಕ್ಟರ್ ಸುಕನ್ಯಾ ಆದಳು. ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು, ಆಮೇಲೆ ಸರಿಹೋದಳು. ಸರಿಹೋಗದವನು ಶಿವನಂಜಪ್ಪ. ಅವನಿಗೆ ಬಹಿರಂಗ ಪರೀಕ್ಷೆಗಳ ರುಚಿ ಹತ್ತಿಬಿಟ್ಟಿತು. ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ, ನಿಂಗಮ್ಮನ ಜೊತೆ ಘಾಟಿ ಇಳಿದು, ಯಾರದೋ ಪರೀಕ್ಷೆಗೆ ಹೋಗಿ ಕೂರುತ್ತಿದ್ದ. ಕರಿಮೆಣಸಿನ ರೋಗದ್ದು ಒಂದು, ಮಲಯಾಳಂ ವ್ಯಾಕರಣದ್ದು ಇನ್ನೊಂದು. ಮೂರನೆಯದು ಕಪ್ಪೆಗಳ ಕೂಗಿನದು.

“ಕೂಗು ಕೇಳಿಸು ಮಗಾ,” ಎಂದ ಶಿವನಂಜಪ್ಪ, ಹಿಂದಿನ ಸಾಲಿನಿಂದ ಮಲಯಾಳಂನಲ್ಲಿ.

ಆ ದಿನ ಸ್ಪೀಕರ್ ಕೆಟ್ಟಿತ್ತು. ಸಂಶೋಧಕ ಬೆವರು ಒರೆಸಿಕೊಂಡು, ಗಂಟಲು ಸರಿಮಾಡಿ, ಮೂರು ಜಾತಿಯ ಕಪ್ಪೆಗಳಂತೆ ತಾನೇ ವಟಗುಟ್ಟಿದ.

“ಎರಡನೇದು ಸರಿಯಿಲ್ಲ,” ಎಂದಳು ನಿಂಗಮ್ಮ. “ನಮ್ಮ ಹಿತ್ತಲಲ್ಲಿರೋದು ಕೊನೇಲಿ ಎಳೀತದೆ.”

ಸಂಶೋಧಕ ನೋಟ್ ಪುಸ್ತಕ ತೆಗೆದು ಅವರ ಮನೆಯ ವಿಳಾಸ ಬರೆದುಕೊಂಡ.